ಅಡುಗೆಮನೆ ಟೇಬಲ್ಲಿನಲ್ಲಿ ಹುಟ್ಟಿದ ಕಂಪನಿ: ಜರ್ಮನಿಯ ವಿಡಿಯೊ ನೋಟರಿ ಸೇವೆ ಹೇಗಿದೆ?

ನನ್ನ ಕೆಲಸ ಯಂತ್ರಗಳಿಗೆ ಕೈಪಿಡಿ ಬರೆಯುವುದು. ಪ್ಯಾಕಿಂಗ್ ಮಷಿನ್ನು, ಹಿಟ್ಟು ಕಲಸುವ ಮಷಿನ್ನು, ಅಂಥವು. ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿ ಇದೇ ಅನ್ನ. ಹಾಗಾಗಿ ಯಾವ ಸೇವೆ ಬಳಸಿದರೂ ನನಗೊಂದು ಚಾಳಿ ಇದೆ. ನಾಲ್ಕನೇ ಹೆಜ್ಜೆಗೆ ಬೇಕಾಗುವ ಸ್ಕ್ರೂಡ್ರೈವರ್ ಬಗ್ಗೆ ಒಂದನೇ ಹೆಜ್ಜೆಯಲ್ಲೇ ಹೇಳಿದ್ದಾರಾ ಅಂತ ನೋಡುತ್ತೇನೆ. ಹೇಳದಿದ್ದರೆ ಒಂದು ಸ್ಟಾರ್ ಕಟ್.

ಈ ಸಲ ಹೀಗೆ ಅಳೆದದ್ದು ಮಷಿನ್ನನ್ನಲ್ಲ, ಒಂದು ಕಾನೂನನ್ನು. 2024ರ ಆರಂಭದಲ್ಲಿ ನಾನು ಮತ್ತು ನನ್ನ ಗೆಳತಿ ಸೇರಿ ಒಂದು ಪುಟ್ಟ ಕಂಪನಿ ಕಟ್ಟಿದೆವು. ಕೈಪಿಡಿಗಳನ್ನೇ ಬರೆದು ಕೊಡುವ ಕಂಪನಿ. ನಾನಿರುವುದು ಬವೇರಿಯಾದ ಒಂದು ಊರಿನಲ್ಲಿ. ಅವಳು ಹ್ಯಾಂಬರ್ಗಿನಲ್ಲಿ. ಮಧ್ಯೆ ಸುಮಾರು 600 ಕಿಲೋಮೀಟರ್. ಹಿಂದೆ ಆಗಿದ್ದರೆ ಇಬ್ಬರೂ ಒಂದೇ ದಿನ ಒಂದೇ ನೋಟರಿಯ ಮುಂದೆ ಹೋಗಿ ಕೂರಬೇಕಿತ್ತು. ಈಗ 2022ರ ಆಗಸ್ಟ್ 1ರಿಂದ ಆ ಕೆಲಸ ವಿಡಿಯೊದಲ್ಲೂ ಆಗುತ್ತದೆ. ಹೇಗಿತ್ತು ಅಂತ ಇಲ್ಲಿರುವ ನಾಲ್ಕೈದು ಕನ್ನಡದವರು ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮ ಕಡೆ ನೋಟರಿ ಅಂದರೆ ಸೀಲು ಒತ್ತಿ ಕೊಡುವವರು. ಇಲ್ಲಿ ಹಾಗಲ್ಲ. ಇಲ್ಲಿನ ನೋಟರಿ ಅರ್ಧ ಜಡ್ಜ್ ಇದ್ದ ಹಾಗೆ. ಮನೆ ಕೊಳ್ಳಬೇಕಾ, ಕಂಪನಿ ಮಾಡಬೇಕಾ, ಅವರೇ ಪತ್ರ ಬರೆಯುತ್ತಾರೆ, ಇಬ್ಬರಿಗೂ ಅರ್ಥ ಹೇಳುತ್ತಾರೆ, ಆಮೇಲೆ ಇಡೀ ಪತ್ರವನ್ನು ಜೋರಾಗಿ ಓದುತ್ತಾರೆ. ಓದಲೇಬೇಕು, ಕಾನೂನೇ ಹಾಗಿದೆ. ಅವರ ಫೀಸನ್ನೂ ಕಾನೂನೇ ನಿಗದಿ ಮಾಡುತ್ತದೆ. ಚೌಕಾಸಿ ಇಲ್ಲ. ಆದ್ದರಿಂದ ಯಾವ ನೋಟರಿ ಅಗ್ಗ ಅಂತ ಹುಡುಕಿಕೊಂಡು ಕೂರಬೇಡಿ. ಯಾರು ಬೇಗ ಸಿಗುತ್ತಾರೆ ಅಂತ ಹುಡುಕಿ.

ಇನ್ನು ಕಂಪನಿ ಯಾವ ಬಗೆಯದು ಅನ್ನುವುದು. ಇಲ್ಲಿನ ದೊಡ್ಡಣ್ಣ ಜಿಎಂಬಿಎಚ್, ನಮ್ಮ ಕಡೆಯ ಪ್ರೈವೇಟ್ ಲಿಮಿಟೆಡ್ ಥರದ್ದು. ಅದರ ಕಾನೂನು 1892ರದ್ದು. ಅದಕ್ಕೆ 25,000 ಯೂರೊ ಬಂಡವಾಳ ಬೇಕು, ನೋಂದಣಿಗೆ ಮುಂಚೆ ಕಮ್ಮಿಯೆಂದರೂ ಅರ್ಧ ಹಾಕಿರಬೇಕು. ನಮ್ಮ ಹತ್ತಿರ ಅಷ್ಟಿರಲಿಲ್ಲ. ಹಾಗಾಗಿ ಅದರ ತಮ್ಮ ಯುಜಿ. ಇಲ್ಲಿನವರ ಬಾಯಲ್ಲಿ ಊ-ಗೇ. ಅದನ್ನು 1 ಯೂರೊದಲ್ಲೂ ಶುರು ಮಾಡಬಹುದು. ಆದರೆ ಪ್ರತಿ ವರ್ಷದ ಲಾಭದಲ್ಲಿ ಕಾಲು ಭಾಗ ತೆಗೆದಿಡಬೇಕು, ಬಂಡವಾಳ 25,000ಕ್ಕೆ ಏರುವ ತನಕ. ಜೊತೆಗೆ ಹೆಸರಿನ ಕೊನೆಯಲ್ಲಿ 'ಹಾಫ್ಟುಂಗ್ಸ್‌ಬೆಶ್ರೆಂಕ್ಟ್' ಅಂತ ಪೂರ್ತಿ ಬರೆಯಬೇಕು. ಹೊಣೆ ಸೀಮಿತ ಅಂತ ಅರ್ಥ. ಚಿಕ್ಕದು ಮಾಡುವ ಹಾಗಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ನಮ್ಮ ಕಂಪನಿ ಹೆಸರಿಗಿಂತ ಆ ಪದವೇ ಉದ್ದ. ನಾವು 2,000 ಯೂರೊ ಹಾಕಿದೆವು, ಒಬ್ಬೊಬ್ಬರು ಸಾವಿರ.

ಒಂದು ರೆಡಿಮೇಡ್ ಪತ್ರ ಇದೆ, ಮುಸ್ಟರ್‌ಪ್ರೊಟೊಕೋಲ್ ಅಂತ. ಮೂರು ಜನ ಷೇರುದಾರರ ತನಕ ಬಳಸಬಹುದು. ಫೀಸು ಕಡಿಮೆ. ಆದರೆ ಡೈರೆಕ್ಟರ್ ಒಬ್ಬರೇ ಇರಬೇಕು. ಇದು ನಮಗೆ ಗೊತ್ತಾದದ್ದು ಅರ್ಧ ದಾರಿಯಲ್ಲಿ. ಅಲ್ಲಿಯವರೆಗೆ ಇಬ್ಬರೂ ಡೈರೆಕ್ಟರ್ ಅಂತ ಲೋಗೊ ಜೊತೆ ಮೇಲ್ ಸಿಗ್ನೇಚರ್ ಕೂಡ ಮಾಡಿಟ್ಟುಕೊಂಡಿದ್ದೆವು. ಫೋನಿನಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳೇ ಅಂದಳು: "ನೀನೇ ಆಗು ಕಣೇ. ಟ್ಯಾಕ್ಸ್ ಆಫೀಸಿನ ಕಾಗದ ಎಲ್ಲ ನಿನ್ನ ಮನೆಗೇ ಬರಲಿ." ದೊಡ್ಡ ಮನಸ್ಸು ಅಂದುಕೊಂಡೆ. ಆ ಕಾಗದಗಳು ಬರೋಕೆ ಶುರುವಾದ ಮೇಲೆ ಅರ್ಥವಾಯಿತು, ಅವಳು ಜಾಣೆ.

ಈಗ ಸ್ಕ್ರೂಡ್ರೈವರ್ ವಿಷಯ. ವಿಡಿಯೊ ನೋಟರಿಗೆ ಏನೇನು ಬೇಕು? ಕ್ಯಾಮರಾ ಇರುವ ಕಂಪ್ಯೂಟರ್. ಎನ್‌ಎಫ್‌ಸಿ (ಕಾರ್ಡಿನ ಚಿಪ್ಪನ್ನು ಹತ್ತಿರ ಹಿಡಿದರೆ ಓದುವ ಸೌಲಭ್ಯ) ಇರುವ ಫೋನ್. ಫೋನಿನಲ್ಲಿ ನೋಟರಿಯವರ ಆ್ಯಪ್. ಮತ್ತೆ ಚಿಪ್ ಇರುವ ಗುರುತಿನ ಕಾರ್ಡ್, ಅದರ ಆನ್‌ಲೈನ್ ಸೌಲಭ್ಯ ಚಾಲೂ ಇರಬೇಕು, ಅದರ ಆರಂಕಿಯ ಪಿನ್ ನಿಮಗೆ ಗೊತ್ತಿರಬೇಕು. ಗೆಳತಿ ಜರ್ಮನ್ ಪ್ರಜೆ. ಅವಳ ಹತ್ತಿರ ಇಲ್ಲಿನ ಗುರುತಿನ ಚೀಟಿ ಇದೆ, ಪಿನ್ನೂ ನೆನಪಿದೆ. ನನ್ನದು ಭಾರತದ ಪಾಸ್‌ಪೋರ್ಟು, ಚಿಪ್ ಇಲ್ಲದ ಹಳೆಯದು. ಆದರೆ ಇಲ್ಲಿನ ರೆಸಿಡೆನ್ಸ್ ಕಾರ್ಡಿನಲ್ಲಿ ಚಿಪ್ ಇರುತ್ತದೆ, ಅದು ನಡೆಯುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ, ಯಾಕೆಂದರೆ ನಮ್ಮವರಲ್ಲಿ ಎಷ್ಟೋ ಜನ 'ಅದು ಜರ್ಮನ್ನರಿಗೆ ಮಾತ್ರ' ಅಂದುಕೊಂಡು ಕೈಬಿಟ್ಟಿದ್ದಾರೆ.

ಕಾರ್ಡ್ ಬರುವ ಹೊತ್ತಿಗೆ ಒಂದು ಬೇರೆ ಕಾಗದ ಬರುತ್ತದೆ. ಅದರಲ್ಲಿ ಐದಂಕಿಯ ಪಿನ್. ಅದನ್ನು ಹಾಕಿ ನೀವೇ ಆರಂಕಿಯದನ್ನು ಮಾಡಿಕೊಳ್ಳಬೇಕು. ನಾನು ಆ ಕಾಗದವನ್ನು ಏನು ಮಾಡಿದೆ? ಮನೆ ಬದಲಾಯಿಸುವಾಗ ಹಳೇ ಕರೆಂಟ್ ಬಿಲ್ಲಿನ ಜೊತೆ ಹರಿದು ಹಾಕಿದೆ. ಮೊದಲಾದರೆ ಹೊಸ ಪಿನ್ನನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ತರಿಸಿಕೊಳ್ಳುವ ಅನುಕೂಲ ಇತ್ತು. 2023ರ ಕೊನೆಗೆ ಅದನ್ನು ನಿಲ್ಲಿಸಿದರು, ಖರ್ಚು ಜಾಸ್ತಿ ಅಂತ. ಹಾಗಾಗಿ ವಿದೇಶಿಯರ ಕಚೇರಿಗೆ ಹೋಗಿಯೇ ಪಿನ್ ಹಾಕಿಸಬೇಕಾಯಿತು. ಅಪಾಯಿಂಟ್‌ಮೆಂಟಿಗೆ ಮೂರು ವಾರ. ಒಳಗೆ ಕೆಲಸ ನಾಲ್ಕು ನಿಮಿಷ. ಊರಿನ ಹೆಸರು ಹೇಳುವುದಿಲ್ಲ, ಪಾಪ, ಕೌಂಟರಿನಲ್ಲಿದ್ದ ಹೆಂಗಸು ತುಂಬಾ ಒಳ್ಳೆಯವರು. ತಪ್ಪೂ ನನ್ನದೇ. ಆದರೂ ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಮೊದಲ ಹೆಜ್ಜೆಯೇ ಬಸ್ಸು ಹತ್ತುವುದು ಅಂದರೆ ನಗು ಬರಲ್ವಾ? ನೀವು ಇವತ್ತೇ ಕಂಪನಿ ಮಾಡದಿದ್ದರೂ ಆ ಪಿನ್ ಕಾಗದ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.

ನೋಟರಿಯಮ್ಮ ಒಂಬತ್ತೇ ದಿನದಲ್ಲಿ ಸಿಕ್ಕರು. ಯಾವ ನೋಟರಿಯಾದರೂ ಆಗುವುದಿಲ್ಲ. ಕಂಪನಿ ಇರುವ ಕಡೆಯವರು ಅಥವಾ ಷೇರುದಾರರಲ್ಲಿ ಒಬ್ಬರ ಮನೆ ಇರುವ ಕಡೆಯವರು ಆಗಿರಬೇಕು. ನಾವು ನಮ್ಮೂರಿನ ಕಡೆಯವರನ್ನೇ ಹಿಡಿದೆವು. ಪತ್ರದ ಕರಡು ಎರಡು ದಿನ ಮುಂಚೆ ಬಂತು. ಅದರಲ್ಲಿ ನಮ್ಮ ವ್ಯವಹಾರದ ವಿವರಣೆ ನಾವು ಬರೆದುಕೊಟ್ಟದ್ದಕ್ಕಿಂತ ಚೆನ್ನಾಗಿತ್ತು. ಕೈಪಿಡಿ ಬರೆಯುವವಳಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಮಾರ್ಚ್ ತಿಂಗಳ ಒಂದು ಗುರುವಾರ, ಸಂಜೆ ಐದು ಗಂಟೆ. ಅಡುಗೆಮನೆ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಫೋನು, ಅದರ ಬೆನ್ನಿಗೆ ಕಾರ್ಡು. ಕಾರ್ಡನ್ನು ಫೋನಿನ ಹಿಂದೆ ಸರಿಯಾದ ಜಾಗಕ್ಕೆ ಹಿಡಿಯಬೇಕು. ಒಂದು ಇಂಚು ಆಚೆ ಈಚೆ ಆದರೆ ಓದುವುದಿಲ್ಲ. ನನ್ನ ಫೋನಿಗೆ ದಪ್ಪ ಕವರ್ ಇತ್ತು, ಅದನ್ನು ಬಿಚ್ಚಿದ ಮೇಲೆ ಓದಿತು. ಇದನ್ನು ಆ್ಯಪ್ ಎಲ್ಲೂ ಹೇಳಲಿಲ್ಲ. ಅರ್ಧ ಸ್ಟಾರ್ ಕಟ್. ಆಮೇಲೆ ಚಿಪ್ಪಿನಲ್ಲಿರುವ ನನ್ನ ಫೋಟೊ ನೋಟರಿಯಮ್ಮನ ಸ್ಕ್ರೀನಿನಲ್ಲಿ ಬಂತು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಕನ್ನಡಕ ತೆಗೆಯಿರಿ ಅಂದರು. ತೆಗೆದೆ. ಸ್ವಲ್ಪ ಎಡಕ್ಕೆ ತಿರುಗಿ ಅಂದರು. ತಿರುಗಿದೆ. "ಸರಿ, ನೀವೇ" ಅಂದರು. ಹನ್ನೊಂದು ವರ್ಷದಲ್ಲಿ ನನ್ನನ್ನು ಇಷ್ಟು ಗಮನ ಕೊಟ್ಟು ನೋಡಿದ ಸರ್ಕಾರಿ ಮುಖ ಅದೊಂದೇ.

ಗುರುತು ಹಿಡಿಯುವುದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಓದು ಶುರು. ಪುರೋಹಿತರು ಸಂಕಲ್ಪ ಹೇಳುವ ಹಾಗೆ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಅವರಿಗೆ ಬಾಯಿಪಾಠ. ಹೆಸರು, ಜನ್ಮದಿನ, ವಿಳಾಸ, ಯಾರದು ಎಷ್ಟು ಪಾಲು. ಮಧ್ಯೆ ನಮ್ಮ ಮನೆಯ ಕರೆಗಂಟೆ ಬಾರಿಸಿತು. ಪಾರ್ಸೆಲ್ಲಿನವನು. ನಾನು ಕೈಸನ್ನೆ ಮಾಡಿ ಎದ್ದೆ, ನೀವು ಓದುತ್ತಿರಿ ಅನ್ನುವ ಹಾಗೆ. ನೋಟರಿಯಮ್ಮ ತಕ್ಷಣ ನಿಲ್ಲಿಸಿದರು. "ನೀವು ಕೇಳಿಸಿಕೊಳ್ಳದ ಒಂದು ವಾಕ್ಯವೂ ಇದರಲ್ಲಿ ಇರಬಾರದು" ಅಂದರು. ವಾಪಸ್ ಬಂದು ಕೂತ ಮೇಲೆ, ಬಿಟ್ಟ ವಾಕ್ಯವನ್ನೇ ಮೊದಲಿಂದ ಎತ್ತಿಕೊಂಡರು. ಗೆಳತಿ ಹ್ಯಾಂಬರ್ಗಿನಲ್ಲಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ನನಗೆ ಮಾತ್ರ ಆ ಕ್ಷಣ ಈ ಸೇವೆಯ ಮೇಲೆ ಗೌರವ ಬಂತು. ಪರದೆಗೆ ಬಂದ ಮಾತ್ರಕ್ಕೆ ಕೆಲಸವನ್ನು ತೆಳ್ಳಗೆ ಮಾಡಿಕೊಂಡಿರಲಿಲ್ಲ.

ಡೈರೆಕ್ಟರ್ ಆಗುವವರು ಒಂದು ಮಾತು ಕೊಡಬೇಕು. ವಂಚನೆ, ದಿವಾಳಿ ಸಂಬಂಧದ ಅಪರಾಧ, ಇಂಥದ್ದಕ್ಕೆ ಶಿಕ್ಷೆ ಆಗಿಲ್ಲ, ಈ ಕೆಲಸ ಮಾಡದಂತೆ ನಿಷೇಧ ಇಲ್ಲ ಅಂತ. ಯುರೋಪಿನ ಬೇರೆ ದೇಶದಲ್ಲಿ ಅಂಥ ನಿಷೇಧ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇದು ಹೊಸತು. ಮೊದಲು ಒಂದು ದೇಶದಲ್ಲಿ ಬಾಗಿಲು ಹಾಕಿಸಿಕೊಂಡವರು ಪಕ್ಕದ ದೇಶಕ್ಕೆ ಹೋಗಿ ಅಂಗಡಿ ಇಡುತ್ತಿದ್ದರು. ಕೊನೆಗೆ ಫೋನಿಗೆ ಬಂದ ಕೋಡ್ ಹಾಕಿ ಎಲೆಕ್ಟ್ರಾನಿಕ್ ಸಹಿ. ಒಟ್ಟು 48 ನಿಮಿಷ. ಇಷ್ಟಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್. ಫೋನ್ ಕವರಿನ ಅರ್ಧ ಕಳೆದು.

ಈ ಸೌಲಭ್ಯ ಜರ್ಮನಿಗೆ ತಾನಾಗಿ ಹೊಳೆದದ್ದಲ್ಲ. 2019ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು. ನಂಬರ್ 2019/1151. ಜಿಎಂಬಿಎಚ್ ಥರದ ಕಂಪನಿಯನ್ನು ಪೂರ್ತಿ ಆನ್‌ಲೈನಿನಲ್ಲಿ ಕಟ್ಟಲು ಪ್ರತಿ ಸದಸ್ಯ ದೇಶವೂ ದಾರಿ ಮಾಡಿಕೊಡಬೇಕು ಅಂತ. ನಿರ್ದೇಶನ ಅಂದರೆ ಅದೇ ಕಾನೂನಲ್ಲ. ಗುರಿ ಬ್ರಸೆಲ್ಸಿನದು, ಅಂದರೆ ಒಕ್ಕೂಟದ್ದು, ಕಾನೂನು ಆಯಾ ದೇಶದ್ದು. 2021ರ ಆಗಸ್ಟ್ 1ರೊಳಗೆ ಮಾಡಿ ಅಂದಿದ್ದರು, ಬೇಕಾದವರಿಗೆ ಒಂದು ವರ್ಷ ಹೆಚ್ಚು. ಜರ್ಮನಿ ಆ ಒಂದು ವರ್ಷವನ್ನೂ ಪೂರ್ತಿ ತೆಗೆದುಕೊಂಡಿತು. ಆಮೇಲೂ ಒಂದು ವರ್ಷ ನಗದು ಬಂಡವಾಳದ ಕಂಪನಿಗೆ ಮಾತ್ರ ಈ ದಾರಿ. ಮಷಿನ್ನೋ ಕಾರೋ ಬಂಡವಾಳವಾಗಿ ಹಾಕುವವರಿಗೆ 2023ರ ಆಗಸ್ಟ್‌ನಿಂದ ತೆರೆಯಿತು.

ಬ್ರಸೆಲ್ಸಿನವರು ನೋಟರಿ ಬೇಡ ಅನ್ನಲಿಲ್ಲ. ಖುದ್ದು ಬನ್ನಿ ಅಂತ ಸುಮ್ನೆ ಕರೆಯಬೇಡಿ ಅಂದರು ಅಷ್ಟೇ. ಗುರುತಿನ ಬಗ್ಗೆ ಅನುಮಾನ ಬಂದಂಥ ಕೆಲವು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಜರ್ಮನಿ ಏನು ಮಾಡಿತು? ನೋಟರಿಯನ್ನು ತೆಗೆಯದೆ, ಕುರ್ಚಿ ಸಮೇತ ಎತ್ತಿ ಪರದೆಯೊಳಗೆ ಕೂರಿಸಿತು. ಎಸ್ಟೋನಿಯಾದಲ್ಲಿ 2007ರಿಂದಲೇ ಜನ ಗುರುತಿನ ಕಾರ್ಡ್ ಹಾಕಿ ವೆಬ್‌ಸೈಟಿನಲ್ಲಿ ತಾವೇ ಕಂಪನಿ ಮಾಡಿಕೊಳ್ಳುತ್ತಿದ್ದಾರೆ, ಮಧ್ಯೆ ನೋಟರಿ ಇಲ್ಲ. ನಿರ್ದೇಶನ ಒಂದೇ, ಮನೆಗಳು ಬೇರೆ ಬೇರೆ. ನನಗೆ ಇದರಲ್ಲಿ ಜರ್ಮನಿಯ ಮೇಲೆ ಸಿಟ್ಟಿಲ್ಲ. ಆ ಓದು, ಆ ನಿಲ್ಲಿಸಿದ ವಾಕ್ಯ, ಅದಕ್ಕೆ ನಾನು ದುಡ್ಡು ಕೊಡಲು ತಯಾರು.

ಯುಜಿ ಹುಟ್ಟಿದ್ದೂ ಇಂಥದ್ದೇ ಒತ್ತಡದಿಂದ. ಡೆನ್ಮಾರ್ಕಿನ ಒಬ್ಬ ದಂಪತಿ 1992ರಲ್ಲಿ ಬ್ರಿಟನ್ನಿನಲ್ಲಿ ಸೆಂಟ್ರೋಸ್ ಅನ್ನುವ ಕಂಪನಿ ಮಾಡಿದರು. ಬಂಡವಾಳ 100 ಪೌಂಡ್, ಅದನ್ನೂ ಹಾಕಿರಲಿಲ್ಲ. ಡೆನ್ಮಾರ್ಕಿನಲ್ಲಿ ಆಗ 2,00,000 ಕ್ರೋನ್ ಬೇಕಿತ್ತು. ಅಲ್ಲಿ ಕಂಪನಿ, ಇಲ್ಲಿ ಶಾಖೆ ಅಂತ ಅರ್ಜಿ ಹಾಕಿದರು. ಡೆನ್ಮಾರ್ಕಿನವರು ಆಗಲ್ಲ ಅಂದರು. 1999ರ ಮಾರ್ಚ್‌ನಲ್ಲಿ ಯುರೋಪಿನ ಕೋರ್ಟು, ಶಾಖೆಗೆ ಬೇಡ ಅನ್ನುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಆ ಮೇಲೆ ಜರ್ಮನಿಯಲ್ಲೂ ಬ್ರಿಟಿಷ್ 'ಲಿಮಿಟೆಡ್' ಬೋರ್ಡು ಹಾಕಿಕೊಂಡ ಸಣ್ಣ ವ್ಯಾಪಾರಿಗಳು ಎಷ್ಟೋ ಜನ. ಅದನ್ನು ನೋಡಿಯೇ 2008ರ ನವೆಂಬರ್ 1ರಿಂದ ಜರ್ಮನಿ ಯುಜಿ ತಂದಿತು. ನಮ್ಮ 2,000 ಯೂರೊದ ಕಂಪನಿ ಒಂದು ಲೆಕ್ಕದಲ್ಲಿ ಆ ದಂಪತಿಯ ಮೊಮ್ಮಗು.

ಸರಿ, ಸಹಿ ಆಯಿತು. ಕಂಪನಿ ಆಯಿತಾ? ಇಲ್ಲ. ಇಲ್ಲಿಂದ ಮುಂದಿನದ್ದು ಬೇರೆಯೇ ಕಥೆ, ಬೇರೆಯೇ ಸ್ಟಾರ್.

ಇಲ್ಲಿ ಕಂಪನಿ ರಿಜಿಸ್ಟರ್ ಇರುವುದು ಕೋರ್ಟಿನಲ್ಲಿ. ಯುಜಿಯ ಬಂಡವಾಳ ಪೂರ್ತಿ ಬ್ಯಾಂಕಿಗೆ ಬಿದ್ದ ಮೇಲೆಯೇ ನೋಟರಿ ಅರ್ಜಿಯನ್ನು ಕೋರ್ಟಿಗೆ ಕಳಿಸಬಹುದು. ಅದಕ್ಕೆ ಕಂಪನಿಯ ಹೆಸರಿನಲ್ಲಿ ಖಾತೆ ಬೇಕು. ಕಂಪನಿ ಇನ್ನೂ ಹುಟ್ಟಿಲ್ಲ, ಹೊಟ್ಟೆಯಲ್ಲಿದೆ. ಆದ್ದರಿಂದ ಹೆಸರಿನ ಕೊನೆಗೆ 'ಸ್ಥಾಪನೆಯ ಹಂತದಲ್ಲಿ' ಅನ್ನುವ ಅರ್ಥದ ಎರಡಕ್ಷರ ಸೇರಿಸುತ್ತಾರೆ. ನಾನು ನೋಟರಿ ಕಳಿಸಿದ ಎಲೆಕ್ಟ್ರಾನಿಕ್ ಪತ್ರವನ್ನು ಪ್ರಿಂಟ್ ತೆಗೆದುಕೊಂಡು ಒಂದು ಬ್ಯಾಂಕಿಗೆ ಹೋದೆ. ಅಲ್ಲಿದ್ದವರು ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು.

"ಇದರ ಮುದ್ರೆ ಎಲ್ಲಿ?"

"ಇದು ಎಲೆಕ್ಟ್ರಾನಿಕ್. ಸಹಿ ಫೈಲಿನ ಒಳಗಿದೆ."

"ದಾರ?"

ಇಲ್ಲಿನ ನೋಟರಿ ಪತ್ರಕ್ಕೆ ದಾರ ಪೋಣಿಸಿ ಅದರ ಮೇಲೆ ಮುದ್ರೆ ಒತ್ತುತ್ತಾರೆ. ನೋಡಲು ಚೆನ್ನಾಗಿರುತ್ತದೆ. ದಾರ ಇಲ್ಲದ ಪತ್ರ ಅವರ ಕಣ್ಣಿಗೆ ಪತ್ರವೇ ಅಲ್ಲ. ಫೈಲ್ ಮೇಲ್ ಮಾಡುತ್ತೇನೆ ಅಂದೆ. ಅಪ್ಲೋಡ್ ಮಾಡುವ ಜಾಗ ಇದೆ, ಆದರೆ ಅದು ಹುಟ್ಟಿದ ಕಂಪನಿಗಳಿಗೆ ಅಂದರು. ಮನೆಗೆ ಬಂದು ನೋಟರಿ ಆಫೀಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿಗೆ ಇದು ಮಾಮೂಲಿ ಕಥೆ. "ದಾರ ತಾನೇ? ಕಳಿಸುತ್ತೇವೆ" ಅಂದಳು. ನಾಲ್ಕು ದಿನಕ್ಕೆ ಅಂಚೆಯಲ್ಲಿ ಬಂತು. ಪೂರ್ತಿ ಆನ್‌ಲೈನಿನಲ್ಲಿ ಆದ ಪತ್ರದ ಕಾಗದದ ಪ್ರತಿ, ಅದಕ್ಕೆ ದಾರ, ದಾರದ ಮೇಲೆ ಮುದ್ರೆ. ಅದನ್ನು ಒಯ್ದು ಕೊಟ್ಟೆ. ಅವರು ಅದನ್ನು ತಕ್ಷಣ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಂಡು ನನಗೆ ವಾಪಸ್ ಕೊಟ್ಟರು.

ಖಾತೆ ತೆರೆಯಲು ಒಟ್ಟು 26 ದಿನ ಹಿಡಿಯಿತು. ಅದರ ಮಧ್ಯೆ ಒಬ್ಬ ಗಿರಾಕಿ ಕರಾರು ಕಳಿಸಿದರು, ಈ ವಾರ ಸಹಿ ಮಾಡಿ ಅಂತ. ಮೊದಲ ಗಿರಾಕಿ! ಆದರೆ ಕಂಪನಿ ರಿಜಿಸ್ಟರಿಗೆ ಬರುವ ಮುಂಚೆ ಅದರ ಹೆಸರಿನಲ್ಲಿ ಯಾರು ವ್ಯವಹಾರ ಮಾಡುತ್ತಾರೋ ಹೊಣೆ ಅವರ ತಲೆಗೇ. ಹಾಫ್ಟುಂಗ್ಸ್‌ಬೆಶ್ರೆಂಕ್ಟ್ ಅನ್ನುವ ಆ ಉದ್ದನೆಯ ಪದ ಇನ್ನೂ ಕೊಡೆ ಬಿಚ್ಚಿರುವುದಿಲ್ಲ. ಗೆಳತಿ "ಏನಾಗಲ್ಲ, ಮಾಡು" ಅಂದಳು. ಅವಳಿಗೇನು, ಡೈರೆಕ್ಟರ್ ನಾನು. ಗಿರಾಕಿಗೆ ವಿಷಯ ಹೇಳಿ ಒಂದು ತಿಂಗಳು ಕೇಳಿದೆ. ಪುಣ್ಯಕ್ಕೆ ಕಾದರು.

ಬ್ಯಾಂಕಿನ ರಸೀತಿ ಸಿಕ್ಕ ದಿನವೇ ನೋಟರಿ ಕೋರ್ಟಿಗೆ ಕಳಿಸಿದರು. ಕೋರ್ಟಿನ 150 ಯೂರೊ ಮುಂಗಡ ಕಟ್ಟಿದೆವು. ನಾಲ್ಕನೇ ಕೆಲಸದ ದಿನ ಕಂಪನಿ ರಿಜಿಸ್ಟರಿನಲ್ಲಿ ನಮ್ಮ ಹೆಸರು ಇತ್ತು. ಯುರೋಪಿನ ನಿರ್ದೇಶನದ ಪ್ರಕಾರ ರೆಡಿಮೇಡ್ ಪತ್ರ ಬಳಸಿ ವ್ಯಕ್ತಿಗಳೇ ಕಟ್ಟುವ ಕಂಪನಿಗೆ ಐದು ಕೆಲಸದ ದಿನ, ಉಳಿದವಕ್ಕೆ ಹತ್ತು. ನಮ್ಮದು ನಾಲ್ಕರಲ್ಲಿ ಆಯಿತು, ಸಂತೋಷ. ಆದರೆ ಆ ಐದು ದಿನದ ಗಡಿಯಾರ ಓಡಲು ಶುರುವಾಗುವುದು ಎಲ್ಲ ಕಾಗದ ಸೇರಿ, ಬಂಡವಾಳವೂ ಬಿದ್ದ ಮೇಲೆ. ಬ್ಯಾಂಕಿನ 26 ದಿನ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬ್ರಸೆಲ್ಸಿನವರು ಎಲ್ಲಿವರೆಗೆ ಗೆರೆ ಎಳೆದರೋ ಅಲ್ಲಿವರೆಗೆ ರಸ್ತೆ ನುಣುಪು. ಗೆರೆ ದಾಟಿದ ಮರುಕ್ಷಣ ಹಳೇ ಕಲ್ಲುಹಾಸು. ಟ್ಯಾಕ್ಸ್ ನಂಬರ್ ಬರಲು ಇನ್ನೂ ಏಳು ವಾರ ಹಿಡಿಯಿತು. ಅದಕ್ಕೆ ತುಂಬಬೇಕಾದ ಆನ್‌ಲೈನ್ ಫಾರಂ ಬಗ್ಗೆ ಬರೆಯಲು ಕೂತರೆ ನನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಬಿಡಿ.

ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೋಟರಿ ಬಿಲ್ಲು ತೆರಿಗೆ ಸೇರಿ 250 ಯೂರೊ ಒಳಗೆ, ಅದರಲ್ಲಿ ವಿಡಿಯೊ ವ್ಯವಸ್ಥೆಯದ್ದೇ ಬೇರೆ ಒಂದು ಸಾಲು, 25 ಯೂರೊ. ಹ್ಯಾಂಬರ್ಗಿನ ರೈಲು ಟಿಕೆಟ್ಟಿಗೆ ಹೋಲಿಸಿದರೆ ಏನೂ ಅಲ್ಲ. ಕೋರ್ಟಿಗೆ 150. ರೆಡಿಮೇಡ್ ಪತ್ರದ ಪ್ರಕಾರ ಸ್ಥಾಪನೆಯ ಖರ್ಚಿನಲ್ಲಿ ಹೆಚ್ಚೆಂದರೆ 300 ಯೂರೊವನ್ನು ಕಂಪನಿ ಹೊರಬಹುದು, ಅದಕ್ಕಿಂತ ಮೇಲಿನದ್ದು ನಮ್ಮ ಜೇಬಿನಿಂದ. 1 ಯೂರೊದಲ್ಲಿ ಕಂಪನಿ ಮಾಡಿದರೆ ಆ ಮಿತಿಯೂ 1 ಯೂರೊ. ಅದಕ್ಕೇ ಒಂದು ಯೂರೊ ಅನ್ನುವ ಮಾತನ್ನು ಜಾಹೀರಾತು ಅಂತ ತಿಳಿದುಕೊಳ್ಳಿ, ಸಲಹೆ ಅಂತ ಅಲ್ಲ.

ಇನ್ನೊಂದು ಬದಲಾವಣೆ ಅದೇ ದಿನ, 2022ರ ಆಗಸ್ಟ್ 1ರಂದೇ ಬಂತು. ಕಂಪನಿ ರಿಜಿಸ್ಟರ್ ವೆಬ್‌ಸೈಟು ಎಲ್ಲರಿಗೂ ಪುಕ್ಕಟೆ. ಮೊದಲು ಒಂದು ಕಂಪನಿಯ ಹಾಳೆ ನೋಡಲು 4.50 ಯೂರೊ ಕೊಡಬೇಕಿತ್ತು. ಈಗ ಗಿರಾಕಿ ಕರಾರು ಕಳಿಸಿದರೆ ನಾನು ಮೊದಲು ಅವರ ಹೆಸರು ಹಾಕಿ ನೋಡುತ್ತೇನೆ. ಡೈರೆಕ್ಟರ್ ಯಾರು, ಸಹಿ ಹಾಕುವ ಅಧಿಕಾರ ಯಾರಿಗೆ, ಎರಡು ನಿಮಿಷದ ಕೆಲಸ. ಈ ಭಾಗಕ್ಕೆ ಪೂರ್ತಿ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಬಾಗಿಲು ತೆಗೆದ ದಿನವೇ ಗಲಾಟೆ ಆಗಿತ್ತು. ಹಳೆಯ ಕಾಗದಗಳಲ್ಲಿ ಜನರ ಸಹಿ, ಜನ್ಮದಿನ, ಮನೆ ವಿಳಾಸ ಎಲ್ಲ ಹಾಗೇ ಬಿದ್ದಿತ್ತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು.

ನನಗೆ ಅದರ ಬಿಸಿ ಬೇರೆ ರೀತಿ ತಟ್ಟಿತು. ಹೆಸರು ರಿಜಿಸ್ಟರಿಗೆ ಬಂದ ಮೂರನೇ ದಿನದಿಂದ ಟಪಾಲು ಬರಲು ಶುರುವಾಯಿತು. ಬೂದು ಬಣ್ಣದ ಕಾಗದ, ಮೂಲೆಯಲ್ಲಿ ಹದ್ದಿನ ಹಾಗೆ ಕಾಣುವ ಒಂದು ಹಕ್ಕಿ, ನಮ್ಮ ನೋಂದಣಿ ನಂಬರು ಸರಿಯಾಗಿ. 'ರಿಜಿಸ್ಟರ್ ಪ್ರಕಟಣೆ' ಅಂತ ತಲೆಬರಹ. ಕೆಳಗೆ ಏಳುನೂರು ಚಿಲ್ಲರೆ ಯೂರೊ, ವಾರದೊಳಗೆ ಕಟ್ಟಬೇಕು. ಎರಡು ವಾರದಲ್ಲಿ ಇಂಥವು ಆರು ಬಂದವು. ಎಲ್ಲವೂ ಮೋಸದವು. ಹಿಂದಿನ ಪುಟದ ತೀರ ಸಣ್ಣ ಅಕ್ಷರದಲ್ಲಿ 'ಇದು ಒಂದು ಕೊಡುಗೆ ಮಾತ್ರ' ಅಂತ ಇರುತ್ತದೆ. ಕೈಪಿಡಿ ಬರೆಯುವವಳಾಗಿ ಹೇಳುತ್ತೇನೆ, ಆ ಸಣ್ಣ ಅಕ್ಷರದ ವಿನ್ಯಾಸ ಅದ್ಭುತ. ನಿಜವಾದ ಕೋರ್ಟ್ ಬಿಲ್ಲು ಅದರ ಮುಂದೆ ಸಪ್ಪೆಯಾಗಿತ್ತು. ಅದನ್ನೇ ನಕಲಿ ಅಂದುಕೊಂಡು ಕಸಕ್ಕೆ ಹಾಕುವುದರಲ್ಲಿದ್ದೆ. ನೋಟರಿಯಮ್ಮ ವಿಡಿಯೊ ಮುಗಿಸುವಾಗ ಈ ಬಗ್ಗೆ ಎಚ್ಚರಿಸಿದ್ದರು. ಕೋರ್ಟಿನ ಒಂದು ಬಿಲ್ ಬಿಟ್ಟು ರಿಜಿಸ್ಟರ್ ಹೆಸರಿನಲ್ಲಿ ಏನೇ ಬಂದರೂ ನಮಗೆ ಒಮ್ಮೆ ತೋರಿಸಿ ಅಂದಿದ್ದರು. ಆ ಒಂದು ಮಾತು ಏಳುನೂರು ಯೂರೊ ಉಳಿಸಿತು.

ಇಷ್ಟೆಲ್ಲ ಯಾಕೆ, ಎಸ್ಟೋನಿಯಾದ ಇ-ರೆಸಿಡೆನ್ಸಿ (ಹೊರದೇಶದವರಿಗೆ ಕೊಡುವ ಡಿಜಿಟಲ್ ಗುರುತು) ತೆಗೆದುಕೊಂಡು ಅಲ್ಲೇ ಮಾಡಬಹುದಿತ್ತಲ್ಲ ಅಂತ ಒಬ್ಬರು ಕೇಳಿದರು. 2014ರ ಕೊನೆಯಿಂದ ಅದು ಇದೆ, ಬೇರೆ ದೇಶದವರೂ ಮಾಡಬಹುದು, 2023ರ ಫೆಬ್ರವರಿಯಿಂದ ಕನಿಷ್ಠ ಬಂಡವಾಳದ ಗೋಳೂ ಇಲ್ಲ. ನಾನೂ ನೋಡಿದೆ. ಆದರೆ ಕಂಪನಿ ಎಸ್ಟೋನಿಯಾದ್ದಾದರೂ ಅದನ್ನು ನಡೆಸುವವಳು ನಾನು, ನನ್ನ ಟೇಬಲ್ಲು ಇಲ್ಲಿದೆ. ಕಂಪನಿಯನ್ನು ಎಲ್ಲಿ ಕೂತು ನಡೆಸುತ್ತೀರೋ ಅಲ್ಲಿನ ಟ್ಯಾಕ್ಸ್ ಆಫೀಸು ಬಂದು ನಿಲ್ಲುತ್ತದೆ. ಎರಡು ದೇಶದ ಲೆಕ್ಕ ಬರೆಸುವ ಬದಲು ಒಂದು ದಾರದ ಮುದ್ರೆ ವಾಸಿ. ಮತ್ತೆ ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ನಿಮ್ಮದು ಬ್ಲೂ ಕಾರ್ಡ್ (ನೌಕರಿಗೆ ಬಂದವರಿಗೆ ಕೊಡುವ ವಾಸದ ಪರವಾನಗಿ) ಆಗಿದ್ದರೆ ಸ್ವಂತ ವ್ಯವಹಾರಕ್ಕೆ ಅನುಮತಿ ಬೇರೆ ಕೇಳಬೇಕು. ನನ್ನದು ಕಾಯಂ ಪರವಾನಗಿ, ಅದಕ್ಕೆ ತೊಂದರೆ ಆಗಲಿಲ್ಲ.

2025ರ ಜನವರಿಯಲ್ಲಿ ಒಕ್ಕೂಟ ಇದರ ಮುಂದುವರಿದ ನಿರ್ದೇಶನ ಹೊರಡಿಸಿದೆ. ಎಲ್ಲ ದೇಶಗಳಲ್ಲೂ ನಡೆಯುವ ಒಂದೇ ಥರದ ಕಂಪನಿ ಪ್ರಮಾಣಪತ್ರ, ಗಡಿ ದಾಟಿದರೂ ನಡೆಯುವ ಡಿಜಿಟಲ್ ಅಧಿಕಾರ ಪತ್ರ. ದೇಶಗಳಿಗೆ 2027ರ ಜುಲೈ ಕೊನೆಯವರೆಗೆ ಸಮಯ, ಜಾರಿ 2028ರ ಆಗಸ್ಟ್‌ನಿಂದ. ಜರ್ಮನಿ ಕೊನೆಯ ವಾರಕ್ಕೆ ಮಾಡುತ್ತದೆ ಅಂತ ಗೆಳತಿ ಬಾಜಿ ಕಟ್ಟಿದ್ದಾಳೆ. ನಾನು ಕಟ್ಟಲಿಲ್ಲ, ಸೋಲುವುದು ಗೊತ್ತಿದೆ.

ಈಗ ನಮ್ಮ ಜೊತೆ ಮೂರನೆಯವರೊಬ್ಬರು ಸೇರಬೇಕು ಅಂತಿದ್ದಾರೆ. ಗೆಳತಿ ತನ್ನ ಪಾಲಿನಲ್ಲಿ ಸ್ವಲ್ಪ ಕೊಡಲು ತಯಾರಿದ್ದಾಳೆ. ನಾನು ಖುಷಿಯಿಂದ ನೋಟರಿ ಆಫೀಸಿಗೆ ಫೋನ್ ಮಾಡಿದೆ, ಇನ್ನೊಂದು ವಿಡಿಯೊ ದಿನ ಕೊಡಿ ಅಂತ. ಅದೇ ಹುಡುಗಿ ಎತ್ತಿಕೊಂಡಳು. ಕಂಪನಿ ಕಟ್ಟುವುದು ವಿಡಿಯೊದಲ್ಲಿ ಆಗುತ್ತದೆ, ಆದರೆ ಷೇರು ಕೈ ಬದಲಾಯಿಸುವುದು ಆಗುವುದಿಲ್ಲ, ಅದಕ್ಕೆ ಖುದ್ದಾಗಿ ಬರಬೇಕು ಅಂದಳು. ನಿರ್ದೇಶನದಲ್ಲಿ ಅದು ಇರಲಿಲ್ಲ, ಹಾಗಾಗಿ ಕಾನೂನಿನಲ್ಲೂ ಬರಲಿಲ್ಲ. ಗೆಳತಿ ಮುಂದಿನ ತಿಂಗಳು 12ಕ್ಕೆ ಬರುತ್ತಿದ್ದಾಳೆ, ರೈಲು ಬುಕ್ ಆಗಿದೆ. ನೋಟರಿಯಮ್ಮನನ್ನು ನಾವಿಬ್ಬರೂ ಪರದೆಯ ಹೊರಗೆ ನೋಡುವುದು ಅದೇ ಮೊದಲು. ಅವಳು ಕೇಳುತ್ತಿದ್ದಾಳೆ, ಅಲ್ಲಿಗೂ ಪಾರ್ಸೆಲ್ಲಿನವನು ಬರುತ್ತಾನಾ ಅಂತ.